ಮೂರು ಸೆಕ್ಷನ್ ಅಂಕ ಸೇರಿಸಿದಾಗ ವ್ಯಾಪ್ತಿ ಎಷ್ಟು? ನನ್ನ ಅನುಭವ

ಮಂಡ್ಯ ಕಡೆ ಪ್ರೌಢಶಾಲೆಯಲ್ಲಿ ಗಣಿತ ಹೇಳುವವರಿಗೆ ಪರೀಕ್ಷೆ ಮುಗಿದೊಡನೆ ಈ ಕೆಲಸ ಕಾದಿರುತ್ತದೆ: ಎಲ್ಲ ಸೆಕ್ಷನ್ನಿನ ಅಂಕ ಒಟ್ಟು ಮಾಡಿ ಸರಾಸರಿ, ಮಧ್ಯಾಂಕ, ವ್ಯಾಪ್ತಿ ಬರೆದುಕೊಡುವುದು. ಸರಾಸರಿಯನ್ನು ಎಲ್ಲರೂ ಹುಷಾರಾಗಿ ಮಾಡುತ್ತಾರೆ. ವ್ಯಾಪ್ತಿ ಎಂದರೆ ಗರಿಷ್ಠ ಅಂಕದಲ್ಲಿ ಕನಿಷ್ಠ ಅಂಕ ಕಳೆಯುವ ಲೆಕ್ಕ ತಾನೇ ಎಂದು ಕೈಬಿಟ್ಟಲ್ಲೇ ಎಡವುತ್ತಾರೆ.

25 ಅಂಕದ ಪರೀಕ್ಷೆ ಎಂದಿಟ್ಟುಕೊಳ್ಳಿ. ಎ ಸೆಕ್ಷನ್ನಿನಲ್ಲಿ ಕನಿಷ್ಠ 9, ಗರಿಷ್ಠ 21, ವ್ಯಾಪ್ತಿ 12. ಬಿ ಸೆಕ್ಷನ್ನಿನಲ್ಲಿ 6 ರಿಂದ 15, ವ್ಯಾಪ್ತಿ 9. ಸಿ ಸೆಕ್ಷನ್ನಿನಲ್ಲಿ 14 ರಿಂದ 24, ವ್ಯಾಪ್ತಿ 10. ಮೂರನ್ನೂ ಸೇರಿಸಿದಾಗ? ಕೆಲವರು 12, 9, 10 ಕೂಡಿ 31 ಬರೆಯುತ್ತಾರೆ. 25 ಅಂಕದ ಪರೀಕ್ಷೆಯಲ್ಲಿ 31 ಅಂಕದ ಅಂತರ ಬರುವುದಾದರೂ ಹೇಗೆ? ಇನ್ನು ಕೆಲವರು ಮೂರರ ಸರಾಸರಿ ತೆಗೆದು 10.33 ಎನ್ನುತ್ತಾರೆ. ಎ ಸೆಕ್ಷನ್ ಒಂದರಲ್ಲೇ 12 ಇರುವಾಗ ಒಟ್ಟು ರಾಶಿಯಲ್ಲಿ ಅದಕ್ಕಿಂತ ಕಡಿಮೆ ಆಗುವಂತಿಲ್ಲ. ಸರಿಯಾದ ದಾರಿ ಒಂದೇ: ಗರಿಷ್ಠಗಳಲ್ಲಿ ದೊಡ್ಡದು 24, ಕನಿಷ್ಠಗಳಲ್ಲಿ ಚಿಕ್ಕದು 6, ವ್ಯಾಪ್ತಿ 18. ಆ 24 ಸಿ ಸೆಕ್ಷನ್ನಿನದು, 6 ಬಿ ಸೆಕ್ಷನ್ನಿನದು. ಅತಿ ಹೆಚ್ಚು ವ್ಯಾಪ್ತಿಯಿದ್ದ ಎ ಸೆಕ್ಷನ್ನಿಗೆ ಈ ಉತ್ತರದಲ್ಲಿ ಪಾತ್ರವೇ ಇಲ್ಲ.

ಬರೀ ವ್ಯಾಪ್ತಿಗಳನ್ನು ಕೊಟ್ಟು ಒಟ್ಟು ವ್ಯಾಪ್ತಿ ಕೇಳಿದರೆ ಉತ್ತರವಿಲ್ಲ. ಇಲ್ಲಿ 12 ಕ್ಕಿಂತ ಕಡಿಮೆಯಿಲ್ಲ, 25 ಕ್ಕಿಂತ ಹೆಚ್ಚಿಲ್ಲ ಎನ್ನಬಹುದು, ಅಷ್ಟೇ. ಕನ್ನಂಬಾಡಿ ಕಟ್ಟೆಯ ನೀರು ಈ ತಿಂಗಳು 5 ಅಡಿ ಏರಿಳಿಯಿತು ಎಂದಷ್ಟೇ ಹೇಳಿದರೆ ನಾಲೆಗೆ ನೀರು ಬಂದೀತೇ ಎಂದು ರೈತನಿಗೆ ಗೊತ್ತಾಗುವುದಿಲ್ಲವಲ್ಲ. ಆ 5 ಅಡಿ ಕಟ್ಟೆ ತುಂಬುವ 124.80ರ ಹತ್ತಿರವೋ, 80ರ ಹತ್ತಿರವೋ ತಿಳಿಯಬೇಕು. ಅದಕ್ಕೇ ನನ್ನ ಸಾರಾಂಶ ಹಾಳೆಯಲ್ಲಿ ಪ್ರತಿ ಸೆಕ್ಷನ್ನಿಗೂ ಕನಿಷ್ಠ, ಗರಿಷ್ಠ, ಪರೀಕ್ಷೆ ಬರೆದವರ ಸಂಖ್ಯೆ ಎಂದು ಮೂರು ಕಾಲಂ. ವ್ಯಾಪ್ತಿಯನ್ನು ಕೊನೆಗೆ, ಅವುಗಳಿಂದಲೇ ತೆಗೆಯುತ್ತೇನೆ.

ಅಳತೆ ಬೇರೆಯಿದ್ದರೆ ಮೊದಲು ಪರಿವರ್ತನೆ. ಇನ್ನೊಂದು ಸೆಕ್ಷನ್ 50 ಅಂಕಕ್ಕೆ ಬರೆದು 17 ರಿಂದ 46 ಪಡೆದಿದೆ ಎನ್ನಿ. ಹಾಗೇ ಸೇರಿಸಿದರೆ 46ರಲ್ಲಿ 6 ಕಳೆದು 40 ಬರುತ್ತದೆ, ಅದಕ್ಕೆ ಅರ್ಥವಿಲ್ಲ. ಅರ್ಧ ಮಾಡಿದರೆ 8.5 ರಿಂದ 23. ಒಟ್ಟು ವ್ಯಾಪ್ತಿ 18 ಆಗಿಯೇ ಉಳಿಯುತ್ತದೆ. ಎಲ್ಲವನ್ನೂ 100ಕ್ಕೆ ಏರಿಸಿದರೆ 96ರಲ್ಲಿ 24 ಹೋಗಿ 72. ವ್ಯಾಪ್ತಿಯ ಪಕ್ಕ ಎಷ್ಟು ಅಂಕಕ್ಕೆ ಎಂದು ಬರೆಯದಿದ್ದರೆ 18, 72 ಎರಡೂ ಒಂದೇ ಎಂದು ಓದುವವರಿಗೆ ಹೊಳೆಯುವುದಿಲ್ಲ.

‘ಸೇರಿಸುವುದು’ ಎಂಬ ಮಾತಿನಲ್ಲೇ ಒಂದು ತೊಡಕಿದೆ. ಬೇರೆ ಬೇರೆ ಮಕ್ಕಳ ಅಂಕವನ್ನು ಒಂದೇ ರಾಶಿಗೆ ಸುರಿಯುವುದು ಒಂದು. ಅದೇ ಮಕ್ಕಳ ಎರಡು ಪರೀಕ್ಷೆಯ ಅಂಕ ಕೂಡುವುದು ಇನ್ನೊಂದು. ಮೂವರು ಮಕ್ಕಳು ಮೊದಲ ಪರೀಕ್ಷೆಯಲ್ಲಿ 10, 15, 20, ಎರಡನೆಯದರಲ್ಲಿ ಅದೇ ಕ್ರಮದಲ್ಲಿ 22, 17, 12 ಪಡೆದರೆ ಮೂವರ ಮೊತ್ತವೂ 32, ವ್ಯಾಪ್ತಿ ಸೊನ್ನೆ! ಎರಡನೆಯದು 12, 17, 22 ಎಂದಿದ್ದರೆ ಮೊತ್ತ 22, 32, 42, ವ್ಯಾಪ್ತಿ 20. ಎರಡೂ ಸಲ ಪ್ರತಿ ಪರೀಕ್ಷೆಯ ವ್ಯಾಪ್ತಿ 10 ಮಾತ್ರ. ಮೊತ್ತದ ವ್ಯಾಪ್ತಿ ಬೇಕಾದರೆ ಪ್ರತಿ ಮಗುವಿನ ಮೊತ್ತ ಬರೆದೇ ತೀರಬೇಕು. ಇಲ್ಲಿ ಕನಿಷ್ಠ, ಗರಿಷ್ಠಗಳ ಹಾಳೆ ಸಾಲದು.

ಎಕ್ಸೆಲ್‌ನಲ್ಲಿ ಮಾಡುವವರಿಗೆ ಮೂರು ಹೊಂಡಗಳಿವೆ. ಗೈರುಹಾಜರಿಗೆ 0 ಹಾಕಿದರೆ ಬಿ ಸೆಕ್ಷನ್ನಿನ ಕನಿಷ್ಠ 0 ಆಗಿ ಒಟ್ಟು ವ್ಯಾಪ್ತಿ 18 ರಿಂದ 24ಕ್ಕೆ ಜಿಗಿಯುತ್ತದೆ. ‘ಗೈ’ ಎಂದು ಅಕ್ಷರ ಹಾಕಿ, ಕನಿಷ್ಠ ಹುಡುಕುವ ಮಿನ್ (MIN) ಸೂತ್ರ ಅದನ್ನು ಬಿಟ್ಟು ಲೆಕ್ಕ ಮಾಡುತ್ತದೆ. ಆದರೆ ಇದೇ ಗುಣ ತಿರುಗಿಬೀಳುವುದೂ ಉಂಟು: ಯಾವುದೋ ಅಂಕ ಪಠ್ಯವಾಗಿ ಕೂತಿದ್ದರೆ ಅದನ್ನೂ ಸದ್ದಿಲ್ಲದೆ ಬಿಡುತ್ತದೆ. ಆ ಅಂಕವೇ 6 ಆಗಿದ್ದರೆ ಮುಗಿಯಿತು. ಸಾಮಾನ್ಯವಾಗಿ ಅಂಥದ್ದು ಕೋಶದ ಎಡಕ್ಕೆ ಅಂಟಿರುತ್ತದೆ, ಆದರೆ ಕಣ್ಣನ್ನು ನಂಬುವ ಬದಲು ಅಂಕಿಗಳಿರುವ ಕೋಶಗಳನ್ನಷ್ಟೇ ಎಣಿಸುವ ಕೌಂಟ್ (COUNT) ಸೂತ್ರದಿಂದ ಬಂದ ಸಂಖ್ಯೆಯನ್ನು ಹಾಜರಾತಿಯೊಂದಿಗೆ ತಾಳೆ ಹಾಕುತ್ತೇನೆ. ಮೂರನೆಯದು, ಇನ್ನೂ ಅಂಕ ತುಂಬದ ಸೆಕ್ಷನ್. ಖಾಲಿ ಕಾಲಂಗೆ ಮಿನ್ ಕೊಡುವ ಉತ್ತರ 0. ಅದು ಒಟ್ಟು ಸಾಲಿಗೆ ಇಳಿದು ಕನಿಷ್ಠವಾಗಿ ಕೂರುತ್ತದೆ.

ಹೊಸ ಸೆಕ್ಷನ್ ಸೇರಿಸುತ್ತಾ ಹೋದಂತೆ ವ್ಯಾಪ್ತಿ ಇದ್ದಷ್ಟೇ ಇರಬಹುದು, ಹಿಗ್ಗಬಹುದು, ಕುಗ್ಗದು. ಹಾಗಾಗಿ 40 ಮಕ್ಕಳ ಸೆಕ್ಷನ್ನಿನ ವ್ಯಾಪ್ತಿಯನ್ನು ಇಡೀ ಶಾಲೆಯದರ ಪಕ್ಕ ಇಟ್ಟು ‘ನಮ್ಮಲ್ಲಿ ಮಕ್ಕಳು ಸಮನಾಗಿ ಕಲಿತಿದ್ದಾರೆ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ನಡುವಿನ ಅರ್ಧ ಮಕ್ಕಳ ಹರವು ನೋಡಲು ಚತುರ್ಥಕಗಳು (ಏರಿಕೆ ಕ್ರಮದ ಅಂಕಪಟ್ಟಿಯನ್ನು ನಾಲ್ಕು ಸಮಭಾಗ ಮಾಡುವ ಅಂಕಗಳು) ಬೇಕು, ಅವನ್ನು ಸಾರಾಂಶದಿಂದ ಕಟ್ಟಲಾಗದು, ಮೂಲ ಅಂಕಪಟ್ಟಿಯೇ ಬೇಕು.

ಕೃಪಾಂಕ ಕೊಟ್ಟಾಗಲೂ ಎಚ್ಚರ. ಪಾಠವಾಗದ ಪ್ರಶ್ನೆ ಬಂತೆಂದು ಬಿ ಸೆಕ್ಷನ್ನಿನ ಎಲ್ಲರಿಗೂ 2 ಅಂಕ ಸೇರಿಸಿದರೆ 6 ರಿಂದ 15 ಇದ್ದದ್ದು 8 ರಿಂದ 17 ಆಗುತ್ತದೆ. ಆ ಸಾಲಿನ ವ್ಯಾಪ್ತಿ ಮತ್ತೆ 9. ಏನೂ ಬದಲಾಗಲಿಲ್ಲ ಎಂದು ಕೆಳಗಿನ ಒಟ್ಟು ಸಾಲಿನ 18 ಅನ್ನು ಹಾಗೇ ಬಿಡುತ್ತಾರೆ. ಅದೀಗ 16.