ಕ್ಯಾಂಪ್ಟೊಥೆಸಿನ್ ಕೊಡುವುದನ್ನು ನಿಲ್ಲಿಸಿದ ಶಿಲೀಂಧ್ರ: ಸರಿಹೋದ ಬಗೆ

ಪಶ್ಚಿಮ ಘಟ್ಟದ ದುರ್ವಾಸನೆ ಮರದ ಕೊಂಬೆಯೊಳಗಿಂದ ತೆಗೆದ ಶಿಲೀಂಧ್ರ ಮೊದಮೊದಲು ಕ್ಯಾನ್ಸರ್ ಔಷಧಿಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವನ್ನು ಕೊಡುತ್ತಿತ್ತು. ಪ್ರಯೋಗಾಲಯದಲ್ಲಿ ತಟ್ಟೆಯಿಂದ ತಟ್ಟೆಗೆ ದಾಟಿಸಿ ಬೆಳೆಸುತ್ತ ಹೋದಂತೆ ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಕ್ಯಾಂಪ್ಟೊಥೆಸಿನ್ ಪ್ರಮಾಣ ತೋರಿಸುವ ಪೀಕ್ ಕುಗ್ಗಿ, ಕಡೆಗೆ ಕಾಣದಾಯಿತು. ಗಿಡದ ನಂಟು ಕಡಿದ ಶಿಲೀಂಧ್ರಗಳಲ್ಲಿ ಇದು ಮಾಮೂಲು; ಶಿಲೀಂಧ್ರ ಬೆಳೆಸುವ ಪೋಷಕ ಮಾಧ್ಯಮ ಬದಲಿಸಿ ಕಾಲ ಕಳೆಯಬೇಡಿ.

ಕೆಲಸ ಮಾಡಿದ್ದು ಇದು: ಅದೇ ಜಾತಿಯ ಆರೋಗ್ಯವಂತ ಸಸಿಯ ಕಾಂಡಕ್ಕೆ ಶಿಲೀಂಧ್ರ ಸೇರಿಸಿ, ಅದು ಒಳಗೆ ನೆಲೆಯೂರಿದ ಮೇಲೆ ಮತ್ತೆ ಹೊರತೆಗೆಯುವುದು. ಕಾಂಡದ ತುಂಡನ್ನು 70% ಎಥನಾಲ್‌ನಲ್ಲಿ 1 ನಿಮಿಷ, 4% ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 3 ನಿಮಿಷ, ಮತ್ತೆ ಎಥನಾಲ್‌ನಲ್ಲಿ 30 ಸೆಕೆಂಡ್ ಅದ್ದಿ, ಕ್ರಿಮಿರಹಿತ ನೀರಿನಲ್ಲಿ ಮೂರು ಸಲ ತೊಳೆಯಿರಿ. ಕೊನೆಯ ತೊಳೆನೀರನ್ನೂ ಆಲೂಗಡ್ಡೆ-ಡೆಕ್ಸ್‌ಟ್ರೋಸ್ ಅಗರ್ ಮೇಲೆ ಹರಡಿ. ಅಲ್ಲಿ ಏನಾದರೂ ಬೆಳೆದರೆ ಆ ಕಂತು ಪೂರ್ತಿ ಕಸಕ್ಕೆ, ಏಕೆಂದರೆ ಅದು ಮೇಲ್ಮೈಯ ಬೂಷ್ಟು. ಹೊರಬಂದದ್ದು ನಮ್ಮ ಶಿಲೀಂಧ್ರವೇ ಎಂಬುದನ್ನು ಐಟಿಎಸ್ ಅನುಕ್ರಮದಿಂದ (ಶಿಲೀಂಧ್ರದ ಗುರುತು ಹಿಡಿಯಲು ಓದುವ ಡಿಎನ್‌ಎ ಭಾಗ) ಖಚಿತಪಡಿಸಿಕೊಳ್ಳಿ.

ದೊಡ್ಡ ಮೋಸ ಇರುವುದು ಇಲ್ಲಿ: ಸಸಿಯ ಅಂಗಾಂಶದಲ್ಲೇ ಕ್ಯಾಂಪ್ಟೊಥೆಸಿನ್ ಇದೆ; ಅದು ಜೊತೆಗೆ ಬಂದರೆ ಶಿಲೀಂಧ್ರವೇ ಮಾಡಿದ್ದೆಂದು ಕಾಣುತ್ತದೆ. ಆದ್ದರಿಂದ ಹೊರಬೆಳೆದ ಶಿಲೀಂಧ್ರದ ನೂಲೆಳೆಯ ತುದಿಯನ್ನು ಮಾತ್ರ ಕತ್ತರಿಸಿ ಎರಡು ಸಲ ಹೊಸ ತಟ್ಟೆಗೆ ದಾಟಿಸಿದ ನಂತರವೇ 200 ಮಿ.ಲೀ. ದ್ರವ ಮಾಧ್ಯಮಕ್ಕೆ ಹಾಕಿ, 28 ಡಿಗ್ರಿಯಲ್ಲಿ 14 ದಿನ ಬೆಳೆಸಿ. ಹೋಲಿಕೆಗೆ ಶಿಲೀಂಧ್ರವಿಲ್ಲದ ಫ್ಲಾಸ್ಕ್ ಒಂದು ಜೊತೆಗಿರಲೇಬೇಕು.

ಪೀಕ್ ಮರಳಿತು, ಮೊದಲಿನಷ್ಟು ಎತ್ತರಕ್ಕಲ್ಲ. ಮರಳಿದ ತಲೆಮಾರನ್ನು ಕೂಡಲೇ 20% ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೆ ಸೇರಿಸಿ, ಪ್ರತಿ ಪ್ರಯೋಗವನ್ನೂ ಅಲ್ಲಿಂದಲೇ ಶುರುಮಾಡಿ.