ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಂಡು ಇಂಗ್ಲಿಷ್ ಪರೀಕ್ಷೆ ಬರೆದೆ

2022ರ ಸೆಪ್ಟೆಂಬರ್. ಇಂಗ್ಲೆಂಡಿನ ಲೀಡ್ಸ್‌ನ ಒಂದು ಪರೀಕ್ಷಾ ಕೇಂದ್ರದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಸುತ್ತ ಹತ್ತು ಹದಿನೈದು ಜನ, ಎಲ್ಲರೂ ಒಟ್ಟಿಗೇ ತಂತಮ್ಮ ಕಂಪ್ಯೂಟರ್ ಜೊತೆ ಜೋರಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಸಾಗರದ ಗುರುವಾರದ ಸಂತೆಯೇ ಸರಿ. ಮೇಜಿನ ಮೇಲೆ ಗುರುತಿಗೆ ಕೊಟ್ಟಿದ್ದು ನನ್ನ ಬ್ರಿಟಿಷ್ ಪಾಸ್‌ಪೋರ್ಟ್. ಒಂಬತ್ತು ವರ್ಷ ಆ ದೇಶದಲ್ಲಿ ಓದಿ, ದುಡಿದು, ತೆರಿಗೆ ಕಟ್ಟಿ, ರಾಜಮನೆತನಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಪಡೆದದ್ದು. ಅದನ್ನು ತೋರಿಸಿಯೇ 'ನನಗೆ ಇಂಗ್ಲಿಷ್ ಬರುತ್ತೆ' ಅಂತ ಸಾಬೀತು ಮಾಡಲು ಕೂತಿದ್ದೆ.

ಇಲ್ಲಿಗೆ ಹೇಗೆ ಬಂದೆ ಅಂತ ಹೇಳುತ್ತೇನೆ. ನಾನು ಸಿವಿಲ್ ಇಂಜಿನಿಯರ್. ದಾವಣಗೆರೆಯಲ್ಲಿ ಬಿ.ಇ. ಮುಗಿಸಿ, ಊರ ಕಡೆ ಸ್ವಲ್ಪ ಕಾಲ ದುಡಿದು, 2009ರಲ್ಲಿ ಎಂ.ಎಸ್ಸಿ.ಗೆ ಇಂಗ್ಲೆಂಡಿಗೆ ಹೋದವನು. 2018ರಲ್ಲಿ ಬ್ರಿಟಿಷ್ ಪೌರನಾದೆ. ಮಗಳು ಅಲ್ಲೇ ಹುಟ್ಟಿದವಳು, ಅವಳದ್ದೂ ಬ್ರಿಟಿಷ್ ಪಾಸ್‌ಪೋರ್ಟ್. ಹೆಂಡತಿ ಮಾತ್ರ ಭಾರತದ ಪಾಸ್‌ಪೋರ್ಟ್ ಬಿಡಲಿಲ್ಲ. ಅವಳಿಗೆ ಬ್ರಿಟನ್ನಿನಲ್ಲಿ ಐಎಲ್‌ಆರ್ ಇತ್ತು, ಅಂದರೆ ಅಲ್ಲಿಯ ಕಾಯಂ ವಾಸದ ಅನುಮತಿ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಅವಳಿಗೆ ತವರಿನಿಂದ ಬಂದ ಒಂದು ತುಂಡು ಅಡಿಕೆ ತೋಟ ಇದೆ. ಬೇರೆ ದೇಶದ ಪೌರರಾದ ಭಾರತೀಯರಿಗೆ ಒಸಿಐ ಅನ್ನುವ ಕಾರ್ಡ್ ಸಿಗುತ್ತದೆ. ಆ ಕಾರ್ಡಿನವರು ಪಿತ್ರಾರ್ಜಿತ ಜಮೀನು ಇಟ್ಟುಕೊಳ್ಳಬಹುದು, ಹೊಸದಾಗಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಅವಳ ಕಣ್ಣು ಪಕ್ಕದ ಅರ್ಧ ಎಕರೆ ಮೇಲೆ. ನಮ್ಮ ಇಡೀ ಲೆಕ್ಕಾಚಾರ ತಿರುಗಿದ್ದು ಆ ಅರ್ಧ ಎಕರೆ ಸುತ್ತಲೇ ಅಂದರೆ ತಪ್ಪಿಲ್ಲ.

ಲೀಡ್ಸ್ ಬಿಡಲು ಕಾರಣ ಕೇಳಿದರೆ ದೊಡ್ಡದೇನಿಲ್ಲ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಚಳಿಗಾಲ ಸಾಕಾಗಿತ್ತು. ಹೆಂಡತಿಯ ಅಕ್ಕ ಮೆಲ್ಬೋರ್ನ್‌ನಲ್ಲಿದ್ದರು. ಊರಲ್ಲಿ ಅಮ್ಮ ಒಬ್ಬರೇ. ಬ್ರಿಟನ್ನಿಗೆ ವಯಸ್ಸಾದ ಅಪ್ಪ ಅಮ್ಮನನ್ನು ಕಾಯಂ ಆಗಿ ಕರೆಸಿಕೊಳ್ಳುವುದು 2012ರ ನಿಯಮಗಳ ನಂತರ ಹೆಚ್ಚುಕಡಿಮೆ ಆಗದ ಕೆಲಸ. ಆಸ್ಟ್ರೇಲಿಯಾದಲ್ಲಿ ಪೋಷಕರಿಗೆ ಬೇರೆ ಬೇರೆ ವೀಸಾಗಳಿವೆ. ದುಬಾರಿ, ನಿಧಾನ, ಆದರೆ ಇವೆ.

ಆದರೂ ಮೊದಲು ಯೋಚಿಸಿದ್ದು ಐರ್ಲೆಂಡ್. ಬ್ರಿಟಿಷ್ ಪೌರರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಎರಡೂ ದೇಶಗಳ ನಡುವೆ ಹಳೆಯ ಒಪ್ಪಂದ ಇದೆ, ಕಾಮನ್ ಟ್ರಾವೆಲ್ ಏರಿಯಾ ಅನ್ನುತ್ತಾರೆ. ವೀಸಾ ಬೇಡ, ಪರ್ಮಿಟ್ ಬೇಡ. ವಿಮಾನ ಹತ್ತು, ಡಬ್ಲಿನ್‌ನಲ್ಲಿ ಇಳಿ, ಸೋಮವಾರ ಕೆಲಸಕ್ಕೆ ಹೋಗು. ಬ್ರೆಕ್ಸಿಟ್ ಆಗಿ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟರೂ ಇದು ಹೋಗಲಿಲ್ಲ. ನಾನಂತೂ ಡಬ್ಲಿನ್‌ನ ಮನೆ ಬಾಡಿಗೆ ಕೂಡ ನೋಡಲು ಶುರುಮಾಡಿದ್ದೆ. ಒಂದು ರಾತ್ರಿ ಹೆಂಡತಿ ಕೇಳಿದಳು, "ರೀ, ನಿಮಗೇನೋ ವೀಸಾ ಬೇಡ. ನನಗೆ?"

ಅಲ್ಲಿಗೆ ಗಾಳಿ ಹೋಯಿತು. ಬ್ರೆಕ್ಸಿಟ್ ನಂತರ, ಬ್ರಿಟಿಷ್ ಪೌರನ ಜೊತೆ ಐರ್ಲೆಂಡಿನಲ್ಲಿ ನೆಲೆಸಲು ಬರುವ ಯುರೋಪಿನ ಹೊರಗಿನ ಸಂಗಾತಿ ಮುಂಚಿತವಾಗಿ ಅನುಮತಿ ಪಡೆಯಬೇಕು. ಪ್ರಿಕ್ಲಿಯರೆನ್ಸ್ ಅಂತ ಅದರ ಹೆಸರು. ನಾನು, ಮಗಳು ಹೋಗಿ ಇಳಿಯಬಹುದು, ಅವಳು ಕಾಗದ ಬರುವ ತನಕ ಕಾಯಬೇಕು. ಆಗದ ಕೆಲಸ ಅಂತಲ್ಲ. ಆದರೆ ನನ್ನ ಕಣ್ಣು ತೆರೆದದ್ದು ಆಗ. ದೇಶ ಬಿಡುವ ಬ್ರಿಟಿಷರಿಗೆ ಬರೆದ ಮಾಹಿತಿಯೆಲ್ಲ ಮನೆಯ ಎಲ್ಲರದ್ದೂ ಒಂದೇ ಬಣ್ಣದ ಪಾಸ್‌ಪೋರ್ಟ್ ಅಂತ ಅಂದುಕೊಂಡೇ ಬರೆದದ್ದು. ನಮ್ಮಂಥ ಮನೆಗಳಿಗೆ ಅದು ಹೊಂದುವುದಿಲ್ಲ.

ಯುರೋಪಿನ ಉಳಿದ ಭಾಗ 2020ರ ಡಿಸೆಂಬರ್ 31ಕ್ಕೇ ಬಾಗಿಲು ಹಾಕಿತ್ತು. ಈಗ ಬ್ರಿಟಿಷ್ ಪಾಸ್‌ಪೋರ್ಟಿಗೆ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ, ಅಷ್ಟೇ. ನಿವೃತ್ತರಾದ ಒಬ್ಬ ಪರಿಚಿತರು ಪೋರ್ಚುಗಲ್ಲಿನ ಡಿ7 ವೀಸಾದಲ್ಲಿ ಹೋದರು. ಪಿಂಚಣಿ, ಬಾಡಿಗೆಯಂಥ ಆದಾಯ ತೋರಿಸಿ ಪಡೆಯುವ ವೀಸಾ ಅದು. ನಲವತ್ತರ ಹತ್ತಿರದ ಸಂಬಳದವನಿಗೆ ಅದರಿಂದ ಉಪಯೋಗ ಇಲ್ಲ. ಕೆನಡಾ ವಲಸೆ ಬರುವವರನ್ನು ಅಂಕ ಕೊಟ್ಟು ಆರಿಸುತ್ತದೆ. ಅಲ್ಲಿ ಮೂವತ್ತು ದಾಟಿದ ಮೇಲೆ ವಯಸ್ಸಿನ ಅಂಕ ವರ್ಷಕ್ಕೊಂದಿಷ್ಟು ಇಳಿಯುತ್ತಾ 45ಕ್ಕೆ ಸೊನ್ನೆ ಆಗುತ್ತದೆ. ಚಳಿ ಬೇರೆ.

ಉಳಿದದ್ದು ಆಸ್ಟ್ರೇಲಿಯಾದ ಸಬ್‌ಕ್ಲಾಸ್ 189, ನುರಿತ ಕೆಲಸಗಾರರಿಗೆ ಕೊಡುವ ವೀಸಾ. ಕಂಪನಿಯ ಪ್ರಾಯೋಜಕತ್ವ ಬೇಡ, ರಾಜ್ಯದ ಶಿಫಾರಸು ಬೇಡ, ಬಂದು ಇಳಿದ ದಿನವೇ ಪಿಆರ್, ಅಂದರೆ ಕಾಯಂ ವಾಸದ ಅನುಮತಿ. ಆದರೆ ಅಂಕ ಬೇಕು. ಕನಿಷ್ಠ 65. ಒಂದು ಭಾನುವಾರ ಊಟದ ಮೇಜಿನ ಮೇಲೆ ಲೆಕ್ಕ ಹಾಕಿದೆವು. ನನ್ನ ವಯಸ್ಸು 39, ಅದಕ್ಕೆ 25. ಡಿಗ್ರಿಗೆ 15. ಕಳೆದ ಹತ್ತು ವರ್ಷದಲ್ಲಿ ಎಂಟು ವರ್ಷ ಆಸ್ಟ್ರೇಲಿಯಾ ಹೊರಗಿನ ಅನುಭವ, ಅದಕ್ಕೆ 15. ಹೆಂಡತಿಗೆ ಸಾಧಾರಣ ಮಟ್ಟದ ಇಂಗ್ಲಿಷ್ ಇದ್ದರೆ 5. ಒಟ್ಟು 60. ಐದು ಕಮ್ಮಿ!

ಇನ್ನು ನನ್ನ ಇಂಗ್ಲಿಷ್. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದವರಿಗೆ ಪರೀಕ್ಷೆ ಬೇಡ ಅಂತ ನಿಯಮದಲ್ಲೇ ಇದೆ. ಅದನ್ನು ಓದಿ ಖುಷಿಪಟ್ಟವನು ನಾನು. ಆದರೆ ಆ ವಿನಾಯಿತಿ ಬರೀ 'ಕಾಂಪಿಟೆಂಟ್' ಮಟ್ಟಕ್ಕೆ. ಆ ಮಟ್ಟಕ್ಕೆ ಅಂಕ ಸೊನ್ನೆ. ಅಂಕ ಬೇಕಾದರೆ ಪರೀಕ್ಷೆ ಬರೆದು 'ಪ್ರೊಫಿಶಿಯೆಂಟ್' ಆಗಬೇಕು, 10 ಅಂಕ. ಇಲ್ಲವೇ 'ಸುಪೀರಿಯರ್', 20 ಅಂಕ. ಯಾರ್ಕ್‌ಶೈರ್‌ನಲ್ಲೇ ಹುಟ್ಟಿ ಬೆಳೆದವನೂ ಇದೇ ಸಾಲಿನಲ್ಲಿ ನಿಲ್ಲಬೇಕು. ನನ್ನ ಆಫೀಸಿನಲ್ಲೇ ಹಾಗೆ ಒಬ್ಬ ಇದ್ದ. ಮೊದಲ ಸಲ ಓದುವ ಭಾಗದಲ್ಲಿ ಅಂಕ ತಪ್ಪಿಸಿಕೊಂಡು ಬಂದು ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ.

ಇದರ ಮೇಲೆ ಗಡಿಯಾರ ಬೇರೆ. ಮಾರ್ಚ್ 2023ಕ್ಕೆ ನನಗೆ 40 ತುಂಬುತ್ತಿತ್ತು. ಆ ದಿನವೇ ವಯಸ್ಸಿನ ಅಂಕ 25ರಿಂದ 15ಕ್ಕೆ ಬೀಳುತ್ತದೆ. ಲೆಕ್ಕಕ್ಕೆ ಹಿಡಿಯುವುದು, ಅರ್ಜಿ ಹಾಕಿ ಅಂತ ಆಸ್ಟ್ರೇಲಿಯಾದವರ ಆಹ್ವಾನ ಬಂದ ದಿನದ ವಯಸ್ಸು. ಅರ್ಜಿಗೆ ಹೆಸರು ನೋಂದಾಯಿಸಿದ ದಿನದ್ದಲ್ಲ. ಸುಮಾರು ಜನ ಇಲ್ಲಿ ಏಮಾರುತ್ತಾರೆ.

ಕಂಪ್ಯೂಟರ್ ಮುಂದೆ ಬರೆಯುವ ಇಂಗ್ಲಿಷ್ ಪರೀಕ್ಷೆ ಪಿಟಿಇ ಆಯ್ದುಕೊಂಡೆ. ಆಗ ಸುಪೀರಿಯರ್ ಆಗಲು ನಾಲ್ಕೂ ಭಾಗಗಳಲ್ಲಿ 79 ಬೇಕಿತ್ತು. ಮೊದಲ ಸಲ ಬರವಣಿಗೆಯಲ್ಲಿ 74 ಬಂತು. ದಿನಾ ಇಂಗ್ಲಿಷಿನಲ್ಲಿ ವರದಿ ಬರೆದು ಸಂಬಳ ತಗೊಳ್ಳುವವನಿಗೆ 74! ಆಮೇಲೆ ತಿಳಿಯಿತು, ಅಲ್ಲಿ ನೋಡುವುದು ಚೆಂದದ ಬರವಣಿಗೆಯನ್ನಲ್ಲ. ಕೊನೆಯಲ್ಲಿ ವಾಕ್ಯ ಕೇಳಿಸಿಕೊಂಡು ಹಾಗೇ ಟೈಪ್ ಮಾಡುವ ಒಂದು ಭಾಗ ಬರುತ್ತದೆ. ಅದರ ಅಂಕ ಕೇಳುವಿಕೆಗೂ ಹೋಗುತ್ತದೆ, ಬರವಣಿಗೆಗೂ ಹೋಗುತ್ತದೆ. ನಾನು ಸಮಯ ಸಾಲದೆ ಅದನ್ನೇ ಅವಸರದಲ್ಲಿ ಮುಗಿಸಿದ್ದೆ. ಮೂರು ವಾರ ಬರೀ ಅದೊಂದನ್ನೇ ಅಭ್ಯಾಸ ಮಾಡಿದೆ. ಎರಡನೇ ಸಲ ನಾಲ್ಕೂ 79 ದಾಟಿತು. ಇತ್ತ ಹೆಂಡತಿಗೆ ಬೇಕಿದ್ದದ್ದು ಎಲ್ಲದರಲ್ಲೂ 50. ಅವಳು ಒಂದೇ ಸಲಕ್ಕೆ ಬರೆದು, ನನ್ನ ಮೊದಲ ಅಂಕಪಟ್ಟಿಗಿಂತ ಚೆನ್ನಾಗಿ ತಂದಳು. ಆ ಕಾಗದ ಬಹಳ ದಿನ ಫ್ರಿಜ್ ಬಾಗಿಲ ಮೇಲೆ ಇತ್ತು.

60 ಇದ್ದದ್ದು 80 ಆಯಿತು.

ಇದಕ್ಕಿಂತ ಜಾಸ್ತಿ ಹೈರಾಣ ಮಾಡಿದ್ದು ಕೌಶಲ ಮೌಲ್ಯಮಾಪನ, ಅಂದರೆ ನನ್ನ ಓದು, ಅನುಭವ ಅಲ್ಲಿಯ ಮಟ್ಟಕ್ಕಿದೆಯೇ ಅಂತ ನೋಡುವುದು. ನನ್ನ ಕೆಲಸಕ್ಕೆ ಅದನ್ನು ಮಾಡುವುದು ಇಂಜಿನಿಯರ್ಸ್ ಆಸ್ಟ್ರೇಲಿಯಾ ಅನ್ನುವ ಸಂಸ್ಥೆ. ಇಂಜಿನಿಯರಿಂಗ್ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ ಪೂರ್ತಿ ಸದಸ್ಯನಾದದ್ದು 2014ರಲ್ಲಿ. ನನ್ನ ಬಿ.ಇ. ಅದಕ್ಕಿಂತ ಎಷ್ಟೋ ಹಳೆಯದು. ಹಾಗಾಗಿ ಸಿಡಿಆರ್ ಅನ್ನುವ ವರದಿ ಬರೆಯಬೇಕು. ನಾನೇ ಮಾಡಿದ ಮೂರು ಕೆಲಸಗಳ ಕತೆ, ಒಂದೊಂದೂ 1000ದಿಂದ 2500 ಪದ. ಅದರ ಜೊತೆಗೆ, ಯಾವ ಪ್ಯಾರಾದಲ್ಲಿ ಯಾವ ಕೌಶಲ ಕಾಣುತ್ತದೆ ಅಂತ ತೋರಿಸುವ ಒಂದು ಪಟ್ಟಿ.

ಒಬ್ಬ ಏಜೆಂಟ್ ಫೋನಿನಲ್ಲಿ ಹೇಳಿದ, "ಸರ್, ನೀವು ಟೆನ್ಷನ್ ತಗೋಬೇಡಿ, ರೆಡಿ ಇರೋದು ಇದೆ, ಹೆಸರು ಬದಲಾಯಿಸಿ ಕೊಡ್ತೀವಿ." ಬೇಡ ಅಂದೆ. ನಕಲು ಸಿಕ್ಕಿಬಿದ್ದರೆ ಅರ್ಜಿ ತಿರಸ್ಕರಿಸುವುದಷ್ಟೇ ಅಲ್ಲ, ಮತ್ತೆ ಅರ್ಜಿ ಹಾಕದಂತೆ ನಿಷೇಧವನ್ನೂ ಹಾಕುತ್ತಾರೆ.

ಮೊದಲ ಕರಡು ಬರೆದು ಮೆಲ್ಬೋರ್ನ್‌ನ ಷಡ್ಡಕನಿಗೆ ಕಳಿಸಿದೆ. ಅವರೂ ಇಂಜಿನಿಯರ್. ಓದಿ ಫೋನ್ ಮಾಡಿದರು. "ಚೆನ್ನಾಗಿದೆ ಮಾರಾಯ, ಆದರೆ ಇದರಲ್ಲಿ ನೀನೆಲ್ಲಿದ್ದೀಯಾ?" ಅಂದರು. ತಿರುಗಿ ಓದಿದೆ. 'ನಾವು ವಿನ್ಯಾಸ ಮಾಡಿದೆವು', 'ತಂಡ ತೀರ್ಮಾನಿಸಿತು', 'ಗೋಡೆಯನ್ನು ಎತ್ತರಿಸಲಾಯಿತು'. ಹೊಳೆಯ ನೆರೆ ತಡೆಯುವ ಗೋಡೆಯೊಂದರ ಅಡಿಪಾಯವನ್ನು ಬದಲಾಯಿಸಿದ್ದು ಪೂರ್ತಿ ನನ್ನ ಲೆಕ್ಕ. ಮಣ್ಣಿನ ವರದಿ ನೋಡಿ, ಮೊದಲಿನ ವಿನ್ಯಾಸ ನಿಲ್ಲುವುದಿಲ್ಲ ಅಂತ ಹಟ ಹಿಡಿದವನು ನಾನು. ಅದನ್ನೂ 'ತಂಡ ಗಮನಿಸಿತು' ಅಂತ ಬರೆದಿದ್ದೆ. ನಮ್ಮ ಕಡೆ 'ನಾನು, ನಾನು' ಅನ್ನುವವರನ್ನು ಕಂಡರೆ ಆಗುವುದಿಲ್ಲ, ಅಲ್ವಾ? ಇಂಗ್ಲೆಂಡಿನ ಆಫೀಸೂ ಅದೇ ಅಭ್ಯಾಸವನ್ನು ಗಟ್ಟಿ ಮಾಡಿತ್ತು. ಇಲ್ಲಿ ಅದು ನಡೆಯುವುದಿಲ್ಲ. ಅವರಿಗೆ ಬೇಕಿರುವುದು ನಾನು ಲೆಕ್ಕ ಹಾಕಿದೆ, ನಾನು ತಪ್ಪು ಕಂಡುಹಿಡಿದೆ, ನಾನು ಒಪ್ಪಿಸಿದೆ. ಮೂರೂ ಕತೆಗಳನ್ನು ಮೊದಲಿನಿಂದ ಬರೆದೆ. ಒಂದೊಂದು 'ನಾನು' ಬರೆಯುವಾಗಲೂ ಮುಜುಗರ ಆಗುತ್ತಿತ್ತು.

ಅನುಭವದ ಪತ್ರದ್ದು ಇನ್ನೊಂದು ತಲೆನೋವು. ಬ್ರಿಟನ್ನಿನ ಬಹಳಷ್ಟು ಕಂಪನಿಗಳ ಎಚ್‌ಆರ್‌ನವರು ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ಬರೆದುಕೊಡುತ್ತಾರೆ. ಏನು ಕೆಲಸ ಮಾಡಿದ ಅಂತ ಬರೆಯುವುದಿಲ್ಲ. ನನ್ನ ಹಳೆಯ ಕಂಪನಿಯೊಂದು ಎರಡು ತಿಂಗಳು ಆಟ ಆಡಿಸಿ ಅದೇ ಮೂರು ಸಾಲು ಕೊಟ್ಟಿತು. ಕೊನೆಗೆ ಆಗಿನ ಮ್ಯಾನೇಜರ್ ಒಬ್ಬರನ್ನು ಹುಡುಕಿ ಹಿಡಿದೆ. ಮೀನು ಹಿಡಿಯಲು ಹೋದವರು ಕೆರೆ ದಂಡೆಯಲ್ಲಿ ಕೂತೇ ಪತ್ರ ಓದಿ, ಸಂಜೆ ಸಹಿ ಮಾಡಿ ಕಳಿಸಿದರು. ಜೊತೆಗೆ ವರ್ಷದ ಸಂಬಳ, ತೆರಿಗೆ ತೋರಿಸುವ ಪಿ60 ಹಾಳೆಗಳು, ತೆರಿಗೆ ಇಲಾಖೆಯ ದಾಖಲೆ ಎಲ್ಲ ಸೇರಿಸಿದೆ. ಪಿ60 ಬಿಸಾಡಬೇಡಿ. ಕೆಲಸ ಬಿಡುವ ದಿನವೇ ಪತ್ರ ಬರೆಸಿಕೊಳ್ಳಿ.

ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರದ ಸ್ಕಿಲ್‌ಸೆಲೆಕ್ಟ್ ಜಾಲತಾಣದಲ್ಲಿ ಹೆಸರು ಹಾಕಿದೆ. ಆಹ್ವಾನಗಳನ್ನು ಸುತ್ತು ಸುತ್ತಾಗಿ ಕೊಡುತ್ತಾರೆ. ಡಿಸೆಂಬರ್ 8ರ ಸುತ್ತು ದೊಡ್ಡದಿತ್ತು, ಅದರಲ್ಲೇ ಆಹ್ವಾನ ಬಂತು. ನಲವತ್ತು ತುಂಬಲು ಮೂರು ತಿಂಗಳು ಬಾಕಿ. ಅದು ಅದೃಷ್ಟದ ಕಾಲ ಅಂತಲೂ ಹೇಳಬೇಕು. ಆಮೇಲಿನ ಸುತ್ತುಗಳು ಅಷ್ಟು ಧಾರಾಳವಾಗಿಲ್ಲ. ಆಹ್ವಾನ ಬಂದ ಮೇಲೆ 60 ದಿನದೊಳಗೆ ಅರ್ಜಿ ಹಾಕಬೇಕು. ಆಗಿನ ಶುಲ್ಕ ನನಗೆ 4,240 ಆಸ್ಟ್ರೇಲಿಯನ್ ಡಾಲರ್, ಹೆಂಡತಿಗೆ 2,120, ಮಗಳಿಗೆ 1,060. ಈಗ ಇನ್ನೂ ಏರಿದೆ. ವೈದ್ಯಕೀಯ ಪರೀಕ್ಷೆ ಅವರು ಗೊತ್ತುಮಾಡಿದ ಕ್ಲಿನಿಕ್‌ನಲ್ಲೇ ಆಗಬೇಕು. ಎದೆಯ ಎಕ್ಸ್‌ರೇ, ರಕ್ತ, ಮೂತ್ರ. ಪೊಲೀಸ್ ಪ್ರಮಾಣಪತ್ರ, ಕಳೆದ ಹತ್ತು ವರ್ಷದಲ್ಲಿ ಒಟ್ಟು ಹನ್ನೆರಡು ತಿಂಗಳು ಇದ್ದ ದೇಶಗಳದ್ದು ಮಾತ್ರ. ನಮಗೆ ಬ್ರಿಟನ್ನಿನದ್ದು ಸಾಕಾಯಿತು, ಊರಿನ ಠಾಣೆಗೆ ಅಲೆಯುವುದು ತಪ್ಪಿತು.

ಕ್ಲಿನಿಕ್‌ನಲ್ಲಿ ಪಕ್ಕದಲ್ಲಿ ಒಬ್ಬ ಪ್ಲಂಬರ್ ಹುಡುಗ ಕೂತಿದ್ದ. ನನ್ನ ಕಡತ ನೋಡಿ ನಕ್ಕ. ಅವನ ವಯಸ್ಸಿನವರಿಗೆ ವರ್ಕಿಂಗ್ ಹಾಲಿಡೇ ವೀಸಾ ಇದೆ, ಸುತ್ತಾಡುತ್ತಾ ಕೆಲಸವನ್ನೂ ಮಾಡಬಹುದು. ಆಸ್ಟ್ರೇಲಿಯಾ ಬ್ರಿಟನ್ ಜೊತೆ ಮಾಡಿಕೊಂಡ ವ್ಯಾಪಾರ ಒಪ್ಪಂದದ ನಂತರ, 2023ರ ಜುಲೈನಿಂದ ಬ್ರಿಟಿಷರಿಗೆ ಅದರ ವಯಸ್ಸಿನ ಮಿತಿ 35 ಆಯಿತು. 2024ರ ಜುಲೈನಿಂದ ತೋಟದ ಕೂಲಿ ಮಾಡುವ ಷರತ್ತೂ ಇಲ್ಲದೆ ಮೂರು ಸಲ ಪಡೆಯಬಹುದು. ಬ್ರಿಟಿಷ್ ಪಾಸ್‌ಪೋರ್ಟಿನ ನಿಜವಾದ ಲಾಭ ಅಂದರೆ ಇದು. ನಲವತ್ತರ ಹೊಸ್ತಿಲಲ್ಲಿ ನಿಂತವನಿಗೆ ಅದು ಸುಮ್ನೆ ನೋಡಿ ಹೊಟ್ಟೆ ಉರಿಸಿಕೊಳ್ಳುವ ವೀಸಾ.

2023ರ ಆಗಸ್ಟ್‌ನಲ್ಲಿ ಪಿಆರ್ ಬಂತು. ಒಂದು ವಿಷಯ ಪತ್ರವನ್ನು ಎರಡು ಸಲ ಓದಿದ ಮೇಲೆ ಗೊತ್ತಾಯಿತು. ಪಿಆರ್ ಕಾಯಂ, ಆದರೆ ಹೊರಗೆ ಹೋಗಿ ಮರಳಿ ಬರುವ ಸೌಲಭ್ಯ ಐದೇ ವರ್ಷ. ಆ ಐದು ವರ್ಷ ಶುರುವಾಗುವುದು ವೀಸಾ ಸಿಕ್ಕ ದಿನದಿಂದ, ನಾವು ಬಂದಿಳಿದ ದಿನದಿಂದ ಅಲ್ಲ. ಮನೆ ಮಾರಿ, ಮಗಳ ಶಾಲೆ ಬಿಡಿಸಿ ಹೊರಡುವಷ್ಟರಲ್ಲಿ 2024ರ ಜನವರಿ. ಐದು ತಿಂಗಳು ಅಲ್ಲೇ ಕರಗಿತು.

ಹೊರಡುವಾಗ ಯಾರೂ ಹೇಳದೆ ಉಳಿದದ್ದು ಪಿಂಚಣಿಯ ವಿಷಯ. ಬ್ರಿಟನ್ನಿನ ಸರ್ಕಾರಿ ಪಿಂಚಣಿಗೆ ಸಂಬಳದಿಂದ ಕಡಿಯುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಕನಿಷ್ಠ ಹತ್ತು ವರ್ಷದ್ದು ಬೇಕು, ನನಗೆ ಅದು ಆಗಿತ್ತು. ಪೂರ್ತಿಗೆ 35 ವರ್ಷ. ಸಿಗುವುದೇನೋ ಎಲ್ಲಿದ್ದರೂ ಸಿಗುತ್ತದೆ. ಆದರೆ ಆಸ್ಟ್ರೇಲಿಯಾದಲ್ಲಿ ನೆಲೆಸಿದವರಿಗೆ ವರ್ಷ ವರ್ಷದ ಏರಿಕೆ ಇಲ್ಲ, ಮೊದಲ ತಿಂಗಳು ಎಷ್ಟು ಬಂತೋ ಸಾಯುವ ತನಕ ಅಷ್ಟೇ. ಕೆನಡಾ, ನ್ಯೂಜಿಲೆಂಡ್, ಭಾರತಕ್ಕೆ ಹೋದವರಿಗೂ ಇದೇ ಗತಿ. ಪೋರ್ಚುಗಲ್ಲಿಗೆ ಹೋದ ಆ ಪರಿಚಿತರಿಗೆ ಮಾತ್ರ ಏರುತ್ತದೆ.

ಮೆಲ್ಬೋರ್ನ್‌ನಲ್ಲಿ ಸುಲಭವಾಗಿ ಆದದ್ದು ಡ್ರೈವಿಂಗ್ ಲೈಸೆನ್ಸ್. ಬ್ರಿಟಿಷ್ ಲೈಸೆನ್ಸ್ ಕೊಟ್ಟರೆ ಪರೀಕ್ಷೆ ಇಲ್ಲದೆ ಇಲ್ಲಿಯದ್ದು ಕೊಡುತ್ತಾರೆ. ಸರ್ಕಾರಿ ಆರೋಗ್ಯ ಸೌಲಭ್ಯದ ಮೆಡಿಕೇರ್ ಕಾರ್ಡೂ ಬೇಗ ಬಂತು. ಅಮ್ಮ ಪ್ರವಾಸಿ ವೀಸಾದಲ್ಲಿ ಒಮ್ಮೆ ಬಂದು ಮೂರು ತಿಂಗಳು ಇದ್ದರು. ಬರುವ ಮೊದಲು ಫೋನಿನಲ್ಲಿ ಹತ್ತು ಸಲ ಹೇಳಿದ್ದೆ, ಎಲೆ ಅಡಿಕೆ ಚೀಲ ತರಬೇಡಿ ಅಂತ. ಆಸ್ಟ್ರೇಲಿಯಾದೊಳಗೆ ಅಡಿಕೆ ತರುವಂತಿಲ್ಲ. "ಅಡಿಕೆ ಬೇಡ ಅನ್ನೋ ಊರಿಗೆ ಯಾಕೆ ಹೋದ್ಯೋ?" ಅಂದರು. ಬಂದ ಮೇಲೆ ಮೂರು ತಿಂಗಳೂ ಊಟ ಆದ ತಕ್ಷಣ ಲವಂಗ ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು.

ಹೆಂಡತಿಯ ಐಎಲ್‌ಆರ್ ಒಂದು ಬಾಕಿ ಇತ್ತು. ಬ್ರಿಟನ್ನಿನಿಂದ ಸತತ ಎರಡು ವರ್ಷ ಹೊರಗಿದ್ದರೆ ಅದು ರದ್ದು. ನಾನೂ ಮಗಳೂ ಯಾವಾಗ ಬೇಕಾದರೂ ಹಿಂದಿರುಗಬಹುದು, ಅವಳಿಗೆ ಆ ದಾರಿ ಮುಚ್ಚುತ್ತದೆ. ಎರಡು ವರ್ಷ ತುಂಬುವ ಮೊದಲು ಒಂದು ಸಲ ಲೀಡ್ಸ್‌ಗೆ ಹೋಗಿ ಬರೋಣವಾ ಅಂತ ಕೇಳಿದೆ. ಅವಳು ಟಿಕೆಟ್ ಬೆಲೆ ನೋಡಿದಳು. "ಆ ದುಡ್ಡಲ್ಲಿ ಊರಿಗೆ ಹೋಗಿ, ಪಕ್ಕದ ತೋಟದವರ ಹತ್ತಿರ ಮಾತಾಡಿಕೊಂಡು ಬರ್ತೀನಿ" ಅಂದಳು. ಹೋಗಿ ಬಂದಳು. ಅವರು ಇನ್ನೂ ಬೆಲೆ ಹೇಳಿಲ್ಲವಂತೆ.