ಹುತ್ತರಿ ಅಂತ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ

ಮಡಿಕೇರಿಯ ಮಳೆಗಾಲ ಪೂರ್ತಿ ನನಗೆ ಇದೇ ಕೆಲಸ. ನಮ್ಮ ವಿಶ್ವವಿದ್ಯಾಲಯದ ಕನ್ನಡ ಪ್ರಬಂಧಗಳನ್ನು ಡಿಸ್ಪೇಸ್ ಅನ್ನೋ ಡಿಜಿಟಲ್ ಸಂಗ್ರಹದ ತಂತ್ರಾಂಶಕ್ಕೆ ಏರಿಸಿದ್ದೆ. ಪುಟ ತೆರೆದರೆ ಅಕ್ಷರ ಮುತ್ತಿನಂತೆ ಕಾಣುತ್ತಿತ್ತು. ಆದರೆ ಕೊಡಗಿನ ಸುಗ್ಗಿ ಹಬ್ಬ 'ಹುತ್ತರಿ' ಅಂತ ಹುಡುಕಿದರೆ ಒಂದೂ ಬರಲಿಲ್ಲ. ಒಳಗೆ ಪುಟಪುಟದಲ್ಲೂ ಆ ಪದ ಇತ್ತು!

ಸರ್ಚ್ ಸೆಟ್ಟಿಂಗ್ ಕೆಟ್ಟಿದೆ ಅಂದುಕೊಂಡು ಎರಡು ದಿನ ಸುಮ್ನೆ ತಡಕಾಡಿದೆ. ಕೊನೆಗೆ ಪಿಡಿಎಫ್‌ನಿಂದ ಆ ಪದ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದೆ. ಬಂದದ್ದು ತಲೆ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ.

ವರ್ಡ್ ಫೈಲ್ ಸಿಕ್ಕಿದವನ್ನು ಕನ್ವರ್ಟರ್‌ನಲ್ಲಿ ಯೂನಿಕೋಡಿಗೆ ಬದಲಿಸಿ ಹೊಸ ಪಿಡಿಎಫ್ ಮಾಡಿದೆ. ಬರೀ ಪಿಡಿಎಫ್ ಇದ್ದವನ್ನು 300 ಡಿಪಿಐ ಚಿತ್ರ ಮಾಡಿ, ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವ ಟೆಸೆರಾಕ್ಟ್ ತಂತ್ರಾಂಶದಲ್ಲಿ ಕನ್ನಡ ಭಾಷೆ ಆರಿಸಿ ಓದಿಸಿದೆ. ಒತ್ತಕ್ಷರಗಳನ್ನು ಮಾತ್ರ ಕಣ್ಣಲ್ಲೇ ನೋಡಿ ತಿದ್ದಬೇಕು. ಆಮೇಲೆ ಸರ್ವರಿನಲ್ಲಿ ಡಿಸ್ಪೇಸ್‌ನ ಎರಡು ಕಮಾಂಡ್: ಮೊದಲು ಫಿಲ್ಟರ್-ಮೀಡಿಯಾ, ಅದರ ನಂತರವೇ ಇಂಡೆಕ್ಸ್-ಡಿಸ್ಕವರಿ ಓಡಿಸಿದೆ. ಮೊದಲನೆಯದು ಫೈಲಿನಿಂದ ಪಠ್ಯ ತೆಗೆಯುತ್ತದೆ, ಎರಡನೆಯದು ಹುಡುಕಾಟದ ಸೂಚಿ ಕಟ್ಟುತ್ತದೆ.

ಮತ್ತೆ ಹುಡುಕಿದೆ. ಬಂತು! ಖುಷಿಗೆ ಪಕ್ಕದ ಟೇಬಲ್‌ನವರನ್ನೂ ಕರೆದು ತೋರಿಸಿದೆ. ಅವರು ಕೊಡವರು, 'ಪುತ್ತರಿ' ಅಂತ ಟೈಪ್ ಮಾಡಿದರು. ಸಿಗಲಿಲ್ಲ. ಅವರ ಮನೆಮಾತಲ್ಲಿ ಹಬ್ಬದ ಹೆಸರು ಅದೇ ಅಲ್ವಾ? ಅವತ್ತೇ ಎರಡೂ ಹೆಸರನ್ನು ವಿಷಯಪದದ ಕಾಲಂಗೆ ಸೇರಿಸಿದೆ.